ಎಲ್ಲಿಗೆ ಎಂದು ಕೇಳಬಾರದು

ಕಡಲಿಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವ ಕ್ರಮ ನಮ್ಮ ಮನೆಯಲ್ಲಿಲ್ಲ. ಯಾರಾದರೂ ಕೇಳಿಬಿಟ್ಟರೆ ಆ ಪ್ರಯಾಣ ಅಲ್ಲಿಗೇ ಕೆಟ್ಟಿತು. ಹಿಂದಕ್ಕೆ ಬಂದು, ಸ್ವಲ್ಪ ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಅಜ್ಜನ ತಮ್ಮ ಒಮ್ಮೆ ಹಾಗೆ ಕೇಳಿಸಿಕೊಂಡೂ ನಗುತ್ತಾ ದೋಣಿ ಇಳಿಸಿದರಂತೆ. ದೋಣಿ ಮಾತ್ರ ದಡಕ್ಕೆ ಬಂತು. ಅಜ್ಜ ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಅಜ್ಜಿ ಹೇಳಿದ್ದು, ಅದೂ ಅಜ್ಜ ಮನೆಯಲ್ಲಿಲ್ಲದಾಗ.

ಅಂಥ ಅಜ್ಜನನ್ನು ಕರೆದುಕೊಂಡು ಅಮ್ಮ ಮತ್ತು ನಾನು ದುಬೈಗೆ ಹೊರಟೆವು. ಅಲ್ಲಿ ಅಕ್ಕನಿಗೆ ಹೆರಿಗೆಯಾಗಿತ್ತು. ‘ಮಗುವನ್ನು ಮೊದಲು ಅಜ್ಜನೇ ತೊಟ್ಟಿಲಿಗೆ ಹಾಕಬೇಕು’ ಎಂದು ಅವಳ ಹಟ. ಕಡಲ ಮೇಲೆ ಆಯುಷ್ಯ ಕಳೆದವರಿಗೆ ವಿಮಾನದ ಹೆದರಿಕೆ ಎಂತದು ಎಂದುಕೊಂಡಿದ್ದೆ. ಕುದ್ರೋಳಿಯ ಮನೆಯಿಂದ ಬಜಪೆಯ ತನಕ ಅಜ್ಜ ಕಾರಿನ ಡ್ರೈವರನಿಗೆ ಯಾವ ಗಾಳಿಗೆ ಬಂಗುಡೆ ಮೀನು ದಡದ ಹತ್ತಿರ ಬರುತ್ತದೆಂದು ಪಾಠ ಮಾಡುತ್ತಾ ಖುಷಿಯಲ್ಲೇ ಇದ್ದರು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಪೊಲೀಸಿನವನು ಪ್ರೀತಿಯಿಂದಲೇ ಕೇಳಿದ, “ಎಲ್ಲಿಗೆ ಅಜ್ಜ, ದುಬೈಗಾ?”

ಅಜ್ಜನ ಮುಖ ಬೂದಿಯಾಯಿತು. ತಿರುಗಿ ಹೋಗಿ ಹೊರಗಿನ ಬೆಂಚಿನಲ್ಲಿ ಕೂತರು. “ನೀರು ಕೊಡು.”

“ಈಗ ಎಂತ ನೀರು ಅಪ್ಪಾ? ಹೊತ್ತಾಯ್ತು,” ಎಂದರು ಅಮ್ಮ.

“ಕೇಳಿದನಲ್ಲ ಅವ.”

ಅಷ್ಟೇ ಸಾಕಾಯಿತು. ಅಮ್ಮ ಬಾಟಲಿ ಕೊಟ್ಟರು. ಅಜ್ಜ ಕುಡಿದು, ಸ್ವಲ್ಪ ಕೂತು, ಎದ್ದರು. ಬ್ಯಾಗು ಕೊಡುವ ಕೌಂಟರಿನಲ್ಲಿ ನಾನು ಮುಂದೆ ಓಡಿ, ಅಲ್ಲಿದ್ದ ಹುಡುಗಿ ಬಾಯಿ ತೆರೆಯುವ ಮೊದಲೇ, “ಮೂವರಿಗೂ ದುಬೈ, ಬ್ಯಾಗಿನಲ್ಲಿ ಒಣಮೀನು ಉಂಟು, ಚೆನ್ನಾಗಿ ಕಟ್ಟಿದ್ದೇವೆ, ಬೇರೆ ಎಂತದೂ ಇಲ್ಲ,” ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ, ಕೇಳಲಿಲ್ಲವಲ್ಲ!

ಆದರೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವಲ್ಲಿ ಒಬ್ಬೊಬ್ಬರೇ ಹೋಗಬೇಕು. ಅಮ್ಮ ದಾಟಿ ಆಚೆ ನಿಂತರು. ಅಜ್ಜ ಮುಂದೆ ಹೋದರು. ನಾನು ಹಿಂದೆ, ಹಳದಿ ಗೆರೆಯ ಮೇಲೆ. ಅಧಿಕಾರಿ ಘಟ್ಟದ ಮೇಲಿನವರಿರಬೇಕು. “ಎಲ್ಲಿಗೆ ಹೋಗ್ತಿದೀರಾ ಯಜಮಾನ್ರೇ?”

ಅಜ್ಜ ಪಾಸ್‌ಪೋರ್ಟನ್ನು ಅಲ್ಲೇ ಬಿಟ್ಟು ಸಾಲಿನೊಳಗೆ ಹಿಂದಕ್ಕೆ ನಡೆಯತೊಡಗಿದರು. ಬಂದೂಕು ಹಿಡಿದವನೊಬ್ಬ ಅಡ್ಡ ಬಂದ. ಅಜ್ಜ ಅವನನ್ನು ಬದಿಗೆ ಸರಿಸಲು ಕೈ ಎತ್ತಿದರು. ಓಡಿಹೋಗಿ ಅವರ ತೋಳು ಹಿಡಿದೆ. ಮುಗಿಯಿತು, ಇನ್ನು ಇವರನ್ನು ಯಾವುದೋ ಕೋಣೆಯಲ್ಲಿ ಕೂಡಿಹಾಕುತ್ತಾರೆ ಎನ್ನಿಸಿತು. ಆಚೆಯಿಂದ ಅಮ್ಮ “ಅಪ್ಪಾ, ಅಪ್ಪಾ” ಎಂದು ಕೂಗುತ್ತಿದ್ದರು. ಅವರನ್ನು ಈಚೆ ಬರಲು ಯಾರೂ ಬಿಡುತ್ತಿರಲಿಲ್ಲ.

ಅಜ್ಜನನ್ನು ಮತ್ತೆ ಕೌಂಟರಿಗೆ ತಂದು ನಿಲ್ಲಿಸಿದರು. ಅಧಿಕಾರಿಯ ದನಿ ಬದಲಾಗಿತ್ತು. “ಇವರಿಗೆ ಮಾತು ಬರಲ್ವಾ?”

“ಬರ್ತದೆ ಸಾರ್. ದುಬೈಗೆ ಹೋಗುವುದು ನಾವು...”

“ನೀವು ಸುಮ್ನಿರಿ. ಅವರೇ ಹೇಳ್ಲಿ. ಇವರಿಗೆ ಇಷ್ಟ ಇಲ್ಲದೆ ಕರ್ಕೊಂಡು ಹೋಗ್ತಿದೀರೇನು?”

ಅಜ್ಜ ಅಳುತ್ತಿದ್ದ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ತುಟಿ ಒದ್ದೆ ಮಾಡಿಕೊಂಡು ಹೇಳಿದರು: “ಮಕ್ಕಳದ್ದು ತಪ್ಪಿಲ್ಲ ಸ್ವಾಮಿ. ನನ್ನ ಪುಳ್ಳಿ, ಮಗಳ ಮಗಳು, ಹೆತ್ತಿದ್ದಾಳೆ. ಮಗುವನ್ನು ನೋಡ್ಲಿಕ್ಕೆ ಉಂಟು. ನೋಡಿ ವಾಪಸ್ ಇಲ್ಲಿಗೇ ಬರ್ತೇನೆ.”

“ಅದೇ, ಎಲ್ಲಿಂದ ವಾಪಸ್ ಬರ್ತೀರಾ?”

“ದುಬೈಯಿಂದ,” ಎಂದರು ಅಜ್ಜ, ತಡವರಿಸದೆ. ಬರುವುದನ್ನು ಹೇಳಲು ಅವರಿಗೆ ಅಡ್ಡಿ ಇರಲಿಲ್ಲ.

ಅಧಿಕಾರಿ ಬಹಳ ಹೊತ್ತು ಅವರ ಮುಖ ನೋಡಿ ಮುದ್ರೆ ಒತ್ತಿದರು.

ನನಗೆ ಸಮಾಧಾನವಾಯಿತೆಂದರೆ ಸುಳ್ಳು. ಅಜ್ಜನ ಲೆಕ್ಕದಲ್ಲಿ ಅಪಶಕುನ ಹಾಗೆಯೇ ಉಳಿದಿತ್ತು. ಕೇಳಿಸಿಕೊಂಡೂ ಅವರು ಹಿಂದಕ್ಕೆ ಹೋಗಿ ಕೂತಿರಲಿಲ್ಲ. ತಮ್ಮನ ಹಾಗೆಯೇ ಹೊರಟುಬಿಟ್ಟಿದ್ದರು, ನಗದೆ. ವಿಮಾನದೊಳಗೆ ನಾನು ಕಿಟಕಿಯ ಪಕ್ಕ, ಅಜ್ಜ ನಡುವೆ. ಬೆಲ್ಟು ಕಟ್ಟುವಾಗ ಮುಟ್ಟಿದ ಅವರ ಕೈ ಐಸಿನಲ್ಲಿಟ್ಟ ಮೀನಿನಷ್ಟು ತಣ್ಣಗಿತ್ತು. ಅಮ್ಮ ಆಚೆ ಬದಿಯಲ್ಲಿ ಗೋಕರ್ಣನಾಥನಿಗೆ ಏನೇನೋ ಹರಕೆ ಹೊರುತ್ತಿದ್ದರು.

“ಅಜ್ಜ, ಇಳಿಯುವುದಾ? ಈಗಲೂ ಹೇಳಿದರೆ ಬಾಗಿಲು ತೆಗೀತಾರೆ,” ಎಂದೆ. ತೆಗೆಯುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

“ಬೇಡ. ಆ ಮಗು ಕಾಯ್ತಾ ಉಂಟು,” ಎಂದರು. ಮತ್ತೆ, “ನೀನು ಮಾತಾಡು ಮಾರಾಯ್ತಿ. ಎಂತಾದ್ರೂ ಮಾತಾಡು.”

ನಾನು ಮಾತಾಡಿದೆ. ಮಗುವಿಗೆ ಅಕ್ಕನ ಮೂಗು, ಭಾವನ ಕಿವಿ ಎಂದೆ. ಮಣ್ಣಗುಡ್ಡದ ಅತ್ತೆ ಕೊಟ್ಟ ಉಪ್ಪಿನಕಾಯಿ ಸೋರಿದರೆ ಸೀರೆಗಳ ಗತಿ ಏನು ಎಂದೆ. ವಿಮಾನ ಗುಡ್ಡದ ತಲೆಯ ಮೇಲಿನ ಆ ರನ್‌ವೇಯಲ್ಲಿ ಓಡತೊಡಗಿತು. ನೆಲ ಮುಗಿಯುತ್ತದೆ, ಮುಗಿಯುತ್ತದೆ ಎನ್ನುವಾಗ ಮೇಲೆದ್ದಿತು. ಅಜ್ಜ ಕಣ್ಣು ಮುಚ್ಚಿ ನನ್ನ ಬೆರಳುಗಳನ್ನು ಹಗ್ಗದ ಹಾಗೆ ಬಿಗಿದರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಕೆಳಗೆ ಕಡಲು ಬಂತಾ? ದೋಣಿ ಕಾಣ್ತದಾ?”

“ಕಾಣ್ತದೆ ಅಜ್ಜ. ಸಾಲಾಗಿ ದಡಕ್ಕೆ ಬರ್ತಾ ಉಂಟು,” ಎಂದೆ.

ನಾನೂ ಇನ್ನೂ ಕಣ್ಣು ತೆರೆದಿರಲಿಲ್ಲ.