ಮದರಂಗಿಯ ಕೆಳಗಿನ ಉಗುರು

ಅಂಕಲಗಿಯ ನಮ್ಮ ಓಣಿಗೆ ಬಳೆಗಾರ್ತಿ ಕಾಶೆವ್ವ ಮೊದಲ ಸಲ ಬಂದದ್ದು ನಾಗರ ಪಂಚಮಿ ಸಮೀಪಿಸಿದ್ದ ಒಂದು ಮಧ್ಯಾಹ್ನ. ಹೆಗಲ ಮೇಲಿದ್ದ ಬಳೆಗಳ ಮಲಾರವನ್ನು ಕಟ್ಟೆಯ ಮೇಲೆ ಇಳಿಸಿದವಳು ಕುಡಿಯಲು ನೀರು ಕೇಳಲಿಲ್ಲ. ಒಂದು ತಂಬಿಗೆ ನೀರು, ಒಂದು ಸಾಬೂನಿನ ಚೂರು ಕೇಳಿದಳು. ಹೆಂಗಸರು ಸುತ್ತ ಕೂತರು. ಅವಳು ಯಾರ ಕೈಯನ್ನೂ ಕಣ್ಣಿನಿಂದ ಅಳೆಯುತ್ತಿರಲಿಲ್ಲ. ಚಾಚಿದ ಕೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡು, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಮಡಿಸಿ, ನೊರೆ ಸವರುತ್ತಿದ್ದಳು.

"ಕೈ ಸಡ್ಲ ಬಿಡವ್ವಾ. ನಿನ್ನ ಹೊಲಾ ಬರಸ್ಕೊಳ್ಳಾಕ ಬಂದೇನೇನು ನಾ, ಇಷ್ಟ ಬಿಗಿ ಹಿಡದಿ?" ಅನ್ನುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಅವಳದು ಹುಕ್ಕೇರಿ ತಾಲೂಕಿನ ಘೋಡಗೇರಿ. ಗಂಡ ಬೇಗ ತೀರಿಕೊಂಡಿದ್ದ. ಇದ್ದ ಒಬ್ಬ ಮಗಳು ದಾಕ್ಷಾಯಿಣಿಯನ್ನು ಮಲಾರದ ಮೇಲೆಯೇ ಸಾಕಿದಳು. ಬಸುರಿ ಹೆಣ್ಣಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಕುಬಸ ಯಾರ ಮನೆಯಲ್ಲಿದ್ದರೂ ಕಾಶೆವ್ವನಿಗೇ ಕರೆ ಬರುತ್ತಿತ್ತು. ಅಲ್ಲಿ ಅವಳು ಹೇಳುತ್ತಿದ್ದ ಮಾತು ಒಂದೇ. "ನನ್ನ ದಾಕ್ಷಿ ಕುಬಸಕ್ಕ ಮೊಳಕೈ ತನಕಾ ಬಳಿ ಇಡಸ್ತೀನಿ. ಅವತ್ತ ಯಾರ ಮನಿಗೂ ಬರೂದಿಲ್ಲ, ಈಗ ಹೇಳಿರ್ತೀನಿ."

ದಾಕ್ಷಾಯಿಣಿಯನ್ನು ಮೂಡಲಗಿಗೆ ಕೊಟ್ಟ ಮರುವರ್ಷ ಕಾಶೆವ್ವನ ಉಗುರುಗಳು ಕೆಡತೊಡಗಿದವು. ದಿನವಿಡೀ ಸಾಬೂನಿನ ನೀರಿನಲ್ಲಿ ನೆನೆಯುವ ಬೆರಳುಗಳು. ಮೊದಲು ಹೆಬ್ಬೆರಳಿನ ಉಗುರು ಹಳದಿಗೆ ತಿರುಗಿ ದಪ್ಪವಾಯಿತು, ಆಮೇಲೆ ತುದಿಯಲ್ಲಿ ಪುಡಿಪುಡಿಯಾಗಿ ಉದುರಿತು. ಒಂದೊಂದಾಗಿ ಉಳಿದವೂ ಅದೇ ದಾರಿ ಹಿಡಿದವು. ಮಣಿಕಟ್ಟಿನ ಮೇಲೆ ಗಜಕರ್ಣದ ಉಂಗುರಗಳೆದ್ದವು. ಔಷಧದಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿದರೆ ತುರಿಕೆ ಒಂದು ವಾರ ಅಡಗುತ್ತಿತ್ತು, ಆಮೇಲೆ ಎರಡರಷ್ಟು ಅಗಲವಾಗಿ ಹಬ್ಬುತ್ತಿತ್ತು.

ನಮ್ಮ ಓಣಿಯಲ್ಲೇ ಒಂದು ದಿನ ಹೊಸ ಸೊಸೆಯೊಬ್ಬಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಅಲ್ಲೆ ಇಡ್ರಿ, ನಾನ ಇಟಗೋತೀನಿ."

ಕಾಶೆವ್ವ ಬಳೆಗಳನ್ನು ಕಟ್ಟೆಯ ಮೇಲಿಟ್ಟಳು. ದಿನವೂ ಬೆಳಗ್ಗೆ ಇಷ್ಟಲಿಂಗ ಅದೇ ಅಂಗೈಯ ಮೇಲೆ ಕೂತು ಪೂಜೆ ಮಾಡಿಸಿಕೊಳ್ಳುತ್ತಿತ್ತು. ಲಿಂಗಕ್ಕೆ ಬೇಡವಾಗದ ಕೈ ಮನುಷ್ಯರಿಗೆ ಬೇಡವಾಗಿತ್ತು. ಊರಿಗೆ ಹೋದವಳೇ ಹಿತ್ತಲಿನ ಮದರಂಗಿ ಅರೆದು ಅಷ್ಟೂ ಉಗುರುಗಳಿಗೆ ದಪ್ಪಗೆ ಮೆತ್ತಿಕೊಂಡಳು. ಹಳದಿ ಮುಚ್ಚಿಹೋಗಿ ಕಡುಗೆಂಪು ಬಂತು. ಅಂದಿನಿಂದ ಪ್ರತಿ ಸಂತೆಯ ಹಿಂದಿನ ದಿನ ಅದೊಂದು ವ್ರತವೇ ಆಯಿತು.

ಕೊನೆಗೆ ಗೋಕಾಕದ ಚರ್ಮದ ಡಾಕ್ಟರಮ್ಮನ ಬಳಿಗೆ ಹೋದಳು. ಅವರು ಉಗುರಿನ ಚೂರು ಕೆರೆದು ತಪಾಸಣೆಗೆ ಕಳಿಸಿದರು, ರಕ್ತ ಪರೀಕ್ಷೆ ಮಾಡಿಸಿದರು.

"ಉಗುರಿನ ಒಳಗಿನ ಬ್ಯಾನಿಗೆ ಮುಲಾಮು ಮುಟ್ಟೂದಿಲ್ರಿ. ದಿನಾ ಗುಳಗಿ ನುಂಗಬೇಕು. ಕೆಟ್ಟ ಉಗುರು ದುರಸ್ತಿ ಆಗೂದಿಲ್ಲ, ಬುಡದಿಂದ ಹೊಸಾದು ಬರಬೇಕು. ತಡಾ ಆಕ್ಕೈತಿ. ಏನರ ತ್ರಾಸ ಆದ್ರ ನನ್ನ ಮುಂದ ಹೇಳ್ರಿ, ನೀವ ನಿಲ್ಲಸಬ್ಯಾಡ್ರಿ."

ಕಾಶೆವ್ವನ ಕಿವಿಗೆ ಬಿದ್ದದ್ದು 'ಗುಳಗಿ' ಎಂಬುದೊಂದೇ. ಶ್ರಾವಣದಲ್ಲಿ ನುಂಗಲು ಶುರುಮಾಡಿದಳು. ಕೆಲವು ವಾರಗಳಲ್ಲಿ ಮಣಿಕಟ್ಟಿನ ಉಂಗುರಗಳು ಬಾಡಿದವು. ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಜೋಳದ ರೊಟ್ಟಿ ಮಣ್ಣು ಅಗಿದಂತೆ, ಶೇಂಗಾ ಹಿಂಡಿ ಹೊಟ್ಟು ತಿಂದಂತೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಿದಳು, ಸಪ್ಪೆಯೆನಿಸಿತು; ಮತ್ತೆ ಹಾಕಿದಳು. ಪಕ್ಕದ ಮನೆಯ ಶಂಕ್ರವ್ವ ಬಾಯಿಗಿಟ್ಟವಳೇ ಮುಖ ಕಿವುಚಿದಳು.

"ಏನ ಕಾಶಿ, ಉಪ್ಪಿನ ಚೀಲನ ಸುರದಿಯೇನ?"

"ನನಗ ಸಪ್ಪಗ ಹತ್ತೇತಿ."

"ಗುಳಗಿ ನುಂಗಿ ನಾಲಿಗಿ ಸುಟಗೊಂಡಿ, ಉಗುರರ ಚಲೋ ಆದ್ವೇನ?"

ಬೆರಳುಗಳನ್ನು ಬೆಳಕಿಗೆ ಹಿಡಿದಳು. ಹಾಗೇ ಇದ್ದವು, ಕಡುಗೆಂಪು. ದಸರೆಯ ಹೊತ್ತಿಗೂ ಹಾಗೇ ಇದ್ದವು. ಬನ್ನಿ ಕೊಡಲು ಬಂದ ಹುಡುಗಿಯೊಬ್ಬಳು ಅವಳ ಕೈ ಮುಟ್ಟದೆ ಸೆರಗಿಗೆ ಎಲೆ ಹಾಕಿ ಹೋದ ಸಂಜೆ, ಉಳಿದ ಗುಳಿಗೆಗಳನ್ನು ಒಲೆಗೆ ಎಸೆದಳು. ಮದರಂಗಿಯನ್ನೂ ಬಿಟ್ಟಳು. ಯಾರನ್ನು ಮೆಚ್ಚಿಸಲು ಹಚ್ಚಿಕೊಳ್ಳಬೇಕು?

ಡಾಕ್ಟರಮ್ಮನಿಗೆ ಹೇಳಲಿಲ್ಲ. ದೀಪಾವಳಿ ಕಳೆಯುವಷ್ಟರಲ್ಲಿ ಮಣಿಕಟ್ಟಿನ ಮೇಲೆ ಉಂಗುರಗಳು ಮತ್ತೆ ಎದ್ದವು. ಅದೇ ದಿನಗಳಲ್ಲಿ ಮೂಡಲಗಿಯಿಂದ ಬೀಗತಿ ರಾಮವ್ವ ದಾಕ್ಷಾಯಿಣಿಯ ಕುಬಸದ ದಿನ ತಿಳಿಸಲು ಬಂದಳು. ಚಹಾದ ಕಪ್ಪು ಕೊಡುವಾಗ ಆಕೆಯ ಕಣ್ಣು ಕಾಶೆವ್ವನ ಕೈಯ ಮೇಲೆ ನಿಂತಿತು. ಕೆಟ್ಟ ಹೆಂಗಸಲ್ಲ ರಾಮವ್ವ. ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಹೇಳಿದಳು.

"ಬೀಗತೇರ, ತಪ್ಪ ತಿಳಕೋಬ್ಯಾಡ್ರಿ. ಬಳಿ ನೀವ ತರ್ರಿ. ಇಡಸಾಕ ಮಾತ್ರ ನಮ್ಮ ಬಜಾರದಾಕಿನ್ನ ಕರಸ್ತೀನಿ."

ಮರುದಿನ ಬೆಳಗಿನ ಬಸ್ಸಿಗೇ ಕಾಶೆವ್ವ ಗೋಕಾಕದಲ್ಲಿದ್ದಳು. ಡಾಕ್ಟರಮ್ಮನ ಮೇಜಿನ ಮೇಲೆ ಎರಡೂ ಕೈ ಚಾಚಿದಳು.

"ಎಷ್ಟ ಕಡಕ್ ಗುಳಗಿ ಇದ್ರೂ ಕೊಡ್ರಿ ಡಾಕ್ಟರ ಬಾಯಾರ. ಬರೂ ವಾರ ಮಗಳ ಕುಬಸ ಐತಿ. ಆಮ್ಯಾಲ ನನ್ನ ಕೈ ಉದುರಿ ಬಿದ್ರೂ ಚಿಂತಿಲ್ಲ."

ಅವರು ಉಗುರುಗಳನ್ನು ಒಂದೊಂದಾಗಿ ನೋಡಿದರು. ಮದರಂಗಿ ಬಿಟ್ಟ ಮೇಲೆ ಬೆಳೆದ ಭಾಗ, ಬುಡದಲ್ಲಿ ಒಂದು ತೆಳು ಪಟ್ಟಿ, ಬಣ್ಣವಿಲ್ಲದೆ ಕಾಣುತ್ತಿತ್ತು. "ಕಣ್ಣ ಮುಚ್ಚಿ ಬೆರಳಲೆ ಸವರಿ ನೋಡ್ರಿ," ಎಂದರು. ಕಾಶೆವ್ವ ಸವರಿದಳು. ತುದಿ ಒರಟು. ಬುಡದಿಂದ ಅರ್ಧದವರೆಗೆ, ಬಣ್ಣದ ಕೆಳಗೂ, ಬಳೆಯ ಗಾಜಿನಂತೆ ನುಣುಪು.

"ಅದು ಹೊಸಾ ಉಗುರು. ಗುಳಗಿ ಕೆಲಸಾ ಮಾಡಿತ್ರಿ. ನೀವು ವಾರಾ ವಾರಾ ಮದರಂಗಿ ಹಚ್ಚಿ ಅದನ್ನೂ ಮುಚ್ಚಿದ್ರಿ. ಈಗ ಗುಳಗಿ ಬಿಟ್ಟೀರಿ, ನೋಡ್ರಿ, ಬಾಜೂದಿಂದ ಮತ್ತ ಹಳದಿ ಹೊಂಟೈತಿ."

ಊರವರ ಕೈಯನ್ನೆಲ್ಲ ಮುಟ್ಟಿಯೇ ತಿಳಿಯುತ್ತಿದ್ದವಳು ತನ್ನ ಉಗುರನ್ನು ಮಾತ್ರ ಕಣ್ಣಿನಿಂದ ನೋಡುತ್ತ ಕೂತಿದ್ದಳು. ರುಚಿ ಹೋದದ್ದನ್ನು ಆಗ ಹೇಳಿದಳು. "ಅವತ್ತ ಹೇಳಿದ್ರ ಅವತ್ತ ಬದಲಿ ಮಾಡ್ತಿದ್ದೆ," ಎಂದು ಡಾಕ್ಟರಮ್ಮ ಮತ್ತೆ ರಕ್ತ ಪರೀಕ್ಷೆಗೆ ಬರೆದರು, ಬೇರೆ ಗುಳಿಗೆ ಕೊಟ್ಟರು. ವಾರದಲ್ಲಿ ಉಗುರು ತರುವ ಔಷಧ ಜಗತ್ತಿನಲ್ಲೇ ಇಲ್ಲವೆಂದರು. ಏಳುವಾಗ ಇನ್ನೊಂದು ಮಾತು ಹೇಳಿದರು: "ಮಗಳು ಬಸರದಾಳ. ಆಕಿಗೆ ಹತ್ತಿದ್ರ ಈಗ ಈ ಗುಳಗಿ ಕೊಡಾಕ ಬರೂದಿಲ್ಲ. ಜ್ವಾಕಿ."

ಕುಬಸದ ದಿನ ಕಾಶೆವ್ವ ಹಸಿರು ಬಳೆಗಳನ್ನು ತಂದು ಜಮಖಾನೆಯ ಅಂಚಿಗಿಟ್ಟು, ಬಾಗಿಲ ಪಕ್ಕ ಕೂತಳು. ಬಜಾರದ ಬಳೆಗಾರ್ತಿ ನೊರೆ ಕಲಸಿದಳು. ದಾಕ್ಷಾಯಿಣಿ ಅವಳಿಗೆ ಕೈ ಕೊಡಲಿಲ್ಲ. ಮಂದಿಯ ನಡುವಿನಿಂದ ಎರಡೂ ಕೈಗಳನ್ನು ತಾಯಿಯ ಕಡೆಗೆ ಚಾಚಿದಳು.

"ನೀನ ಇಡಸ ಬಾ ಯವ್ವಾ. ಅದ ಕೈಲೆ ತುತ್ತ ತಿಂದೇನಿ. ಹತ್ತಿದ್ರ ಹತ್ತಲಿ."

ರಾಮವ್ವ ನೆಲ ನೋಡಿದಳೇ ಹೊರತು ಬೇಡ ಅನ್ನಲಿಲ್ಲ. ಎದ್ದರೆ ತಡೆಯುವವರಿರಲಿಲ್ಲ. ಎಷ್ಟು ವರ್ಷ ಕಾದಿದ್ದ ಮಣಿಕಟ್ಟುಗಳು, ನಾಲ್ಕು ಮಾರು ದೂರದಲ್ಲಿ. ಕಾಶೆವ್ವ ಕೈಗಳನ್ನು ಸೆರಗಿನಲ್ಲಿ ಸುತ್ತಿ ಮೊಣಕಾಲುಗಳ ನಡುವೆ ಒತ್ತಿಕೊಂಡಳು.

"ಬ್ಯಾಡ ದಾಕ್ಷಿ. ನಿನಗ ಹತ್ತಿದ್ರ ನುಂಗಾಕ ಗುಳಗಿ ಸೈತ ಇಲ್ಲ. ಆಕಿ ಕಡೆ ಇಡಸ್ಕೋ."

ಆಮೇಲೆ ಬಳೆಗಳ ಸದ್ದು ಕೇಳಿಸಿತು. ಕಾಶೆವ್ವ ಅತ್ತ ನೋಡಲಿಲ್ಲ.

ದಾಕ್ಷಾಯಿಣಿಗೆ ಹೆಣ್ಣುಕೂಸು ಹುಟ್ಟಿದೆ. ಬಾಣಂತನ ಮೂಡಲಗಿಯಲ್ಲೇ ಆಯಿತು. ಕಾಶೆವ್ವ ಈಗಲೂ ಮಲಾರ ಹೊತ್ತು ಓಣಿಗೆ ಬರುತ್ತಾಳೆ. ಬಳೆಗಳನ್ನು ಅರಿವೆಯ ಮೇಲೆ ಹರಡಿ ಸರಿದು ಕೂರುತ್ತಾಳೆ. ಬೇಕಾದವರು ತಾವೇ ತೊಟ್ಟುಕೊಳ್ಳುತ್ತಾರೆ. ಕೊಳ್ಳುವವರಿಗಿಂತ ಕೇಳಿ ಹೋಗುವವರೇ ಹೆಚ್ಚು. ಊಟದ ಜೊತೆ ಗುಳಿಗೆ ತಪ್ಪಿಸುವುದಿಲ್ಲ, ಉಗುರಿಗೆ ಬಣ್ಣ ಹಚ್ಚುವುದಿಲ್ಲ. ಕಿರುಬೆರಳು ತಿಳಿಯಾಗಿದೆ. ಹೆಬ್ಬೆರಳು ಇನ್ನೂ ಮಾತು ಕೇಳುತ್ತಿಲ್ಲ. ಮೊಮ್ಮಗಳಿಗೆಂದು ತೆಗೆದಿಟ್ಟಿದ್ದ ಕರಿಬಳೆಯ ಜೋಡಿಯನ್ನು ಮೊನ್ನೆ ಡಬ್ಬಿಯಿಂದ ತೆಗೆದು, ಹೆಬ್ಬೆರಳು ತಿಳಿಯಾಗುವಷ್ಟರಲ್ಲಿ ಕೂಸಿನ ಕೈ ಬೆಳೆದಿರುತ್ತದೆಂದು, ಒಂದಳತೆ ದೊಡ್ಡದನ್ನು ಇಟ್ಟಳು. ಹಾಗೆ ಬದಲಿಸಿದ್ದು ಇದು ಎರಡನೆಯ ಸಲ.