ಕೈಗಡ ಕೊಟ್ಟ ಮುಚ್ಚಳ

ದೊಡ್ಡವ್ವನ ಉಗುರುಗಳ ಸಂದಿನಲ್ಲಿ ವರ್ಷವಿಡೀ ಬಿಳಿ ಮಣ್ಣು ಕೂತಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದ ಸವಳು ಮಣ್ಣು. ನಮ್ಮ ಕಡೆ ಮಣ್ಣಿನ ಮಾಳಿಗೆ ಸೋರಬಾರದೆಂದು ಮಳೆಗೆ ಮುಂಚೆ ಅದನ್ನು ಹರಡಿ ತುಳಿಯುತ್ತಾರೆ. ಊರಲ್ಲಿ ಯಾರ ಮಾಳಿಗೆ ಸೋರಿದರೂ ಮೊದಲು ಆಕೆಗೇ ಕರೆ. ಸೀರೆಯ ಕಚ್ಚೆ ಬಿಗಿದು ಏಣಿ ಹತ್ತಿದಳೆಂದರೆ, ಮನೆಯವರು ಕೆಳಗಿನಿಂದ ‘ಇಲ್ಲಿ ಸೋರತೈತಿ, ಇಲ್ಲಿ’ ಎಂದು ಕೂಗಿದರೂ ಆ ಕಡೆ ನೋಡುತ್ತಿರಲಿಲ್ಲ. ‘ಸೋರೋದು ನಿಮಗ ಕಾಣತೈತಿ. ನೀರಿಗೆ ದಾರಿ ಎಲ್ಲಿ ತಪ್ಪೈತಿ, ಅದನ್ನ ನಾ ನೋಡತೀನಿ, ಸುಮ್ಕಿರ್ರಿ’ ಎನ್ನುತ್ತಿದ್ದಳು.

ನನಗೆ ಆಕೆ ಬಳಗವಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಯಲಬುರ್ಗಾ ಮತ್ತು ಕುಷ್ಟಗಿ ನಡುವಿನ ಒಂದು ಹಳ್ಳಿಗೆ ನಾನು ಮಾಸ್ತರನಾಗಿ ಹೋದಾಗ ಆಕೆಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಇಡೀ ಊರಿಗೆ ಆಕೆ ದೊಡ್ಡವ್ವ, ನನಗೂ ಅಷ್ಟೇ. ಅಡುಗೆಮನೆಯ ಮಾಳಿಗೆಗೆ ಒಂದು ಬೆಳಕಿಂಡಿ, ನನ್ನ ಕೋಣೆಗೆ ಒಂದು. ಮಳೆ ಬಂದರೆ ಮುಚ್ಚಲು ಒಂದೇ ಅಳತೆಯ ಎರಡು ತಗಡಿನ ಮುಚ್ಚಳ ಮಾಡಿಸಿಟ್ಟಿದ್ದಳು.

ಆಕೆಯದು ಒಂದು ಪಟ್ಟು. ಹೊಸ್ತಿಲು ದಾಟುವವರು ‘ಹೋಗ್ತೀನಿ’ ಅನ್ನುವಂತಿಲ್ಲ. ನಾನು ಸಾಲಿಗೆ ತಡವಾಯಿತೆಂದು ‘ಹೋಗ್ತೀನಿ ದೊಡ್ಡವ್ವಾ’ ಎಂದು ಓಡಿದರೆ, ಓಣಿಯ ತಿರುವಿನಿಂದ ವಾಪಸು ಕರೆಯುತ್ತಿದ್ದಳು.

‘ಏನಂದಿ?’

‘ಬರ್ತೀನಿ ಅಂದೆ.’

‘ಸುಳ್ಳ ಹೇಳಬ್ಯಾಡ, ಮಾಸ್ತರಾಗಿ.’

‘ಸಾಲಿ ಇಲ್ಲೇ ಎದುರಿಗೈತಿ ದೊಡ್ಡವ್ವಾ. ನಾ ಎಲ್ಲಿಗೆ ಹೋಗಲಿ?’

‘ಬಾಜೂ ಮನೀಗೆ ಹೋದವರೂ ಹಂಗ ಹೋಗ್ಯಾರ. ಬರ್ತೀನಿ ಅನ್ನು, ನಡಿ.’

ಮುದುಕಿಯ ಹಟವೆಂದು ನಗುತ್ತಿದ್ದೆ. ಆ ಆಷಾಢದ ಮಳೆಯವರೆಗೂ ನಕ್ಕೆ.

ಅಂದು ಅಡುಗೆಮನೆಯಲ್ಲಿ ನಾವು ಐದು ಜನ. ಒಲೆಯ ಮುಂದೆ ದೊಡ್ಡವ್ವ, ಬಾಗಿಲಲ್ಲಿ ನಾನು, ಗೋಡೆಗೆ ಒರಗಿ ಒಬ್ಬ ಪರದೇಶದವನು, ಅವನ ಹೆಂಡತಿ, ದೊಡ್ಡವ್ವನ ತೊಡೆಯ ಮೇಲೆ ಅವರ ವರ್ಷ ತುಂಬದ ಕೂಸು. ಮಳೆ ಹಿಡಿದು ನಾಲ್ಕನೆಯ ದಿನ. ಅವರದು ಗಾಲಿಯ ಮೇಲಿನ ಮನೆ. ದೊಡ್ಡ ವ್ಯಾನಿನೊಳಗೇ ಒಲೆ, ಹಾಸಿಗೆ, ಕಪಾಟು, ಮೇಲೆ ಬೆಳಕಿಗೊಂದು ಗಾಜು. ಹಂಪಿಯ ಹೊಳೆಯಾಚೆಯ ವಿರೂಪಾಪುರಗಡ್ಡೆಯಲ್ಲಿ ಕೆಲವು ತಿಂಗಳಿದ್ದು ಬಾದಾಮಿಗೆ ಹೊರಟವರು, ಊರಿನ ಎರಡೂ ಕಡೆ ಹಳ್ಳ ಬಂದು ನಮ್ಮಲ್ಲಿ ಸಿಕ್ಕಿಬಿದ್ದಿದ್ದರು. ದಾರಿಯಲ್ಲಿ ಜಾಲಿಯ ಕೊಂಬೆ ಬಡಿದು ಆ ಗಾಜು ಸೀಳಿತ್ತು. ಎರಡು ದಿನ ನೀರು ಕೂಸಿನ ಹಾಸಿಗೆಯ ಮೇಲೇ ಬಿದ್ದಿತ್ತು. ಅಪ್ಪ ಮೇಣ ಸುರಿದ, ಪಟ್ಟಿ ಅಂಟಿಸಿದ, ಟವೆಲ್ ತುರುಕಿದ. ಯಾವುದೂ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೂಸಿಗೆ ಜ್ವರ ಏರಿ, ಪಕ್ಕೆ ಎಳೆಯತೊಡಗಿದಾಗ ಆ ತಾಯಿ ಯಾರನ್ನೂ ಕೇಳದೆ ಹೊಗೆ ಕಂಡ ಮನೆಯೊಳಕ್ಕೆ ಬಂದುಬಿಟ್ಟಿದ್ದಳು. ಅದು ದೊಡ್ಡವ್ವನ ಮನೆ.

ದೊಡ್ಡವ್ವ ಕೂಸಿನ ಎದೆಗೆ ಬಿಸಿ ಎಣ್ಣೆ ಹಚ್ಚಿದಳು. ಬಟ್ಟೆ ಕಾಯಿಸಿ ಇಟ್ಟಳು. ಒಂದು ದಿನ ಒಂದು ರಾತ್ರಿ ತೊಡೆಯಿಂದ ಇಳಿಸಲಿಲ್ಲ. ನಾಲ್ಕನೆಯ ದಿನ ಅದು ಅಳುವುದನ್ನೂ ಬಿಟ್ಟಿತು.

‘ತಮ್ಮಾ, ಇದು ನನ್ನ ಕೈ ಮೀರೇತಿ. ಕೊಪ್ಪಳಕ್ಕ ಒಯ್ಯಬೇಕು’ ಎಂದು ನನಗಷ್ಟೇ ಕೇಳುವಂತೆ ಹೇಳಿದಳು.

ಒಯ್ಯುವುದು ಹೇಗೆ? ಮಧ್ಯಾಹ್ನ ದನ ಕಾಯುವವನೊಬ್ಬ ಓಡಿಬಂದು, ಕೊಪ್ಪಳದ ಕಡೆಯ ಹಳ್ಳ ಮೊಣಕಾಲಿಗೆ ಇಳಿದಿದೆ, ಆದರೆ ಮೇಲ್ಗಡೆ ಮತ್ತೆ ಮೋಡ ಕಪ್ಪಿಟ್ಟಿದೆ ಎಂದ. ಹೊರಟರೆ ಆಗಲೇ ಹೊರಡಬೇಕು. ಊರಲ್ಲಿ ಬೇರೆ ವಾಹನವಿಲ್ಲ. ವ್ಯಾನಿನೊಳಗೆ ಕಾಲಿಟ್ಟರೆ ಕೆರೆ. ಮುಂದಿನ ಎರಡು ಸೀಟುಗಳ ಮೇಲೂ ಹನಿಯುತ್ತಿತ್ತು. ಆ ಗಂಡಸು ಮಳೆಯಲ್ಲೇ ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ದೊಡ್ಡವ್ವ ಕೂಸನ್ನು ತಾಯಿಯ ಕೈಗೆ ಕೊಟ್ಟು ಹೊರಬಂದಳು. ವ್ಯಾನಿನ ಬೆನ್ನಿಗೆ ಏಣಿ ಇಡಿಸಿ ಹತ್ತಿದಳು. ಗಾಜಿನ ಸುತ್ತ ಅಂಗೈ ಆಡಿಸಿದಳು.

‘ಮನಿಗೆ ಗಾಲಿ ಹಚ್ಯಾರ, ನೀರಿಗೆ ದಾರಿ ಬಿಟ್ಟಿಲ್ಲ ನೋಡು. ಸುತ್ತಲೂ ಕಟ್ಟಿ ಕಟ್ಟಿ ಮಡುವು ಮಾಡ್ಯಾರ.’ ಆಮೇಲೆ ಕೆಳಗೆ ನೋಡಿ, ‘ನಮ್ಮ ಅಡಗಿಮನಿ ಮುಚ್ಚಳ ತಾ’ ಎಂದಳು.

‘ನನ್ನ ಕೋಣೀದು ತರತೀನಿ ದೊಡ್ಡವ್ವಾ. ಅಡಗಿಮನಿ ಒಲಿ ಆರಿ ಹೋಗತೈತಿ.’

‘ನಿನ್ನ ಕೋಣ್ಯಾಗ ಸಾಲಿ ಹುಡುಗರ ಪೇಪರ್ ಅದಾವ. ಒಲಿ ಮತ್ತ ಹೊತ್ತಸಬಹುದು. ವಾದ ಮಾಡಬ್ಯಾಡ, ತಾ.’

ಸುಣ್ಣಕ್ಕೆ ಔಡಲೆಣ್ಣೆ ಸುರಿದು ರೊಟ್ಟಿಯ ಹಿಟ್ಟಿನಂತೆ ನಾದಿದಳು. ಗಾಜಿನ ಸುತ್ತ ಅದನ್ನು ಬೆರಳಿನಿಂದ ಒತ್ತಿ, ಮೇಲೆ ತಗಡು ಕವುಚಿ, ಮುಂದಿನ ಅಂಚಿನ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಎತ್ತರ ಮಾಡಿದಳು. ನೀರು ಹಿಂದಕ್ಕೆ ಜಾರಬೇಕೆಂದು. ಬಾವಿಯ ಹಗ್ಗವನ್ನು ಎರಡೂ ಕಿಟಕಿಗಳಿಂದ ಹಾಯಿಸಿ ನಾನೂ ಅವನೂ ಬಿಗಿದೆವು. ಒಂದು ಕೊಡ ನೀರು ಮೇಲಿನಿಂದ ಸುರಿಸಿದಳು. ಒಳಗೆ ಕೂತ ತಾಯಿ ಅಂಗೈ ಚಾಚಿ ನೋಡಿದಳು. ಒಣಗಿತ್ತು.

ಗಾಡಿ ಚಾಲೂ ಆಯಿತು. ಮೋಡ ಇಳಿಯುತ್ತಿತ್ತು. ನನಗೆ ಧೈರ್ಯ ಉಳಿದಿರಲಿಲ್ಲ. ‘ಗೋ, ಗೋ!’ ಎಂದು ಕೂಗಿಬಿಟ್ಟೆ.

ದೊಡ್ಡವ್ವ ನನ್ನ ರಟ್ಟೆ ಹಿಡಿದಳು. ‘ಏನಂದಿ ಅವರಿಗೆ?’

ನಾನು ಹಳ್ಳದ ಕಡೆ ನೋಡಿದೆ.

‘ಕೇಳಾಕ ಹತ್ತೀನಿ, ಏನಂದಿ?’

‘ಹೋಗ್ರಿ ಅಂದೆ.’

ಆಕೆ ನನ್ನ ರಟ್ಟೆ ಬಿಟ್ಟಳು. ಬರಿಗಾಲಲ್ಲಿ ರಾಡಿಯೊಳಗೆ ಓಡಿ, ಹೊರಟ ವ್ಯಾನಿನ ಮೈಗೆ ಬಡಿದು ನಿಲ್ಲಿಸಿದಳು. ಕಿಟಕಿಯಲ್ಲಿ ಕಂಡ ತಾಯಿಗೆ ಮೇಲಿನ ತಗಡು ತೋರಿಸಿ ಕನ್ನಡದಲ್ಲೇ ಹೇಳಿದಳು: ‘ಇದು ನಾ ನಿನಗ ಕೊಟ್ಟಿದ್ದಲ್ಲ ಯವ್ವಾ. ಕೈಗಡಾ. ಕೂಸನ್ನ ಎತಗೊಂಡು ಬಂದು ತಿರುಗಿ ಕೊಡಬೇಕು.’ ನನ್ನ ಕಡೆ ತಿರುಗಿದಳು. ‘ಹೇಳು. ಸರಿಯಾಗಿ ಹೇಳು.’

ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಆ ತಾಯಿ ಅಳುತ್ತಲೇ ತಲೆಯಾಡಿಸಿದಳು. ‘ಹಾಂ. ಹೋಗಿ ಬರ್ರಿ’ ಎಂದಳು ದೊಡ್ಡವ್ವ.

ವ್ಯಾನು ಹಳ್ಳ ದಾಟಿದ್ದನ್ನು ನೋಡಿ ಬಂದೆವು. ಅಡುಗೆಮನೆಯಲ್ಲಿ ಒಲೆ ಬೂದಿಯ ಕೆಸರಾಗಿತ್ತು. ಬೆಳಕಿಂಡಿಯಿಂದ ಧೋ ಎಂದು ಬೀಳುವ ಮಳೆಯ ಪಕ್ಕದಲ್ಲಿ ಕೂತು, ನನ್ನ ಮುಖ ನೋಡದೆ ಹೇಳಿದಳು. ಆಕೆಗೂ ಒಂದು ಗಂಡು ಕೂಸಿತ್ತಂತೆ. ಇಂಥದೇ ಜ್ವರ. ಗಂಡ ಅದನ್ನು ಚಕ್ಕಡಿಯಲ್ಲಿ ಕುಷ್ಟಗಿಗೆ ಒಯ್ದ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಈಕೆ ಹೋಗುವಂತಿರಲಿಲ್ಲ. ‘ಹೋಗ್ರಿ, ಲಗೂ ಹೋಗ್ರಿ ಅಂದಿದ್ದೆ ತಮ್ಮಾ. ಗಡಿಬಿಡಿಯೊಳಗ ಬರ್ರಿ ಅನ್ನೋದು ಮರತೆ. ಚಕ್ಕಡಿ ಬಂತು. ಕೂಸು ಬರಲಿಲ್ಲ.’

ಹತ್ತು ದಿನದ ಮೇಲೆ ಕೊಪ್ಪಳಕ್ಕೆ ಹೋಗಿ ದವಾಖಾನೆಯಲ್ಲಿ ಕೇಳಿದೆ. ಅಂದೇ ಹೊಸಪೇಟೆಯ ದೊಡ್ಡ ದವಾಖಾನೆಗೆ ಕಳಿಸಿದ್ದರಂತೆ. ಹೊಸಪೇಟೆಗೂ ಹೋದೆ. ಅಲ್ಲಿ ಯಾರಿಗೂ ನೆನಪಿರಲಿಲ್ಲ. ಅವರ ಹೆಸರನ್ನು ಸಹ ನಾವು ಸರಿಯಾಗಿ ಕೇಳಿಕೊಂಡಿರಲಿಲ್ಲ.

ಮರಳಿದಾಗ ದೊಡ್ಡವ್ವ ಕೇಳಿದಳು: ‘ಏನಂದರು?’

‘ಜೀವಂತ ಇತ್ತಂತ, ಕೊಪ್ಪಳ ಬಿಡೋ ತನಕ.’

‘ಹಾಂ. ಮತ್ತ ಬರತೈತಿ.’

ಮುಂದೆ ಐದು ಮಳೆಗಾಲ ಆಕೆ ಆ ಬೆಳಕಿಂಡಿಯ ಮೇಲೆ ಒಡಕು ಫರಸಿ ಕಲ್ಲನ್ನೂ ಗೋಣಿ ತಟ್ಟನ್ನೂ ಹಾಕಿದಳು. ಊರಿನ ಮಾಳಿಗೆಗಳನ್ನೆಲ್ಲ ಕಾದವಳ ಸ್ವಂತ ಅಡುಗೆಮನೆ ಸೋರುತ್ತಿತ್ತು. ಓಣಿಯ ಹೆಂಗಸರು ‘ದೊಡ್ಡವ್ವ, ನಿನ್ನ ಮಾಳಗಿಗೆ ಯಾರನ್ನ ಕರಸೋಣು?’ ಎಂದು ಕೆಣಕುತ್ತಿದ್ದರು. ಹೊಸ ಮುಚ್ಚಳ ಮಾಡಿಸಿ ತರುತ್ತೇನೆಂದು ನಾನು ಪ್ರತಿ ವರ್ಷ ಹೇಳಿದೆ. ‘ಬ್ಯಾಡ. ಹೊಸದು ಹಾಕಿದರ ಹಳೇದಕ್ಕ ಬರಬ್ಯಾಡ ಅಂದಂಗ ಆಗತೈತಿ.’ ವ್ಯಾನಿನ ಸದ್ದು ಕೇಳಿದರೆ ಕೈಯ ಕೆಲಸ ಬಿಟ್ಟು ಕಟ್ಟೆಗೆ ಬರುತ್ತಿದ್ದಳು. ಅದು ಹತ್ತಿಯ ವ್ಯಾಪಾರಿಯದೋ, ಸರ್ಕಾರದ್ದೋ ಆಗಿರುತ್ತಿತ್ತು.

ಎಂಬತ್ತರ ನಂತರದ ಒಂದು ಶ್ರಾವಣದಲ್ಲಿ, ಬೆಳಗಿನ ಹೊತ್ತು, ಒಲೆಯ ಪಕ್ಕದ ಹಾಸಿಗೆಯಲ್ಲೇ ದೊಡ್ಡವ್ವ ತೀರಿಕೊಂಡಳು. ಹೊರಗೆ ಮಳೆ. ಓಣಿಯ ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಗೋಣಿ ತಟ್ಟು ತೊಯ್ದು ಭಾರವಾಗಿ ಸರಿದು, ಹನಿ ನೇರ ಆಕೆಯ ಹಣೆಯ ಮೇಲೆ ಬೀಳುತ್ತಿತ್ತು. ಒಬ್ಬಾಕೆ ಸೆರಗಿನಿಂದ ಒರೆಸುತ್ತಲೇ ಇದ್ದಳು.

ನಾನು ಏಣಿ ಹತ್ತಿದೆ. ನನ್ನ ಕೋಣೆಯ ಮೇಲಿನ ಮುಚ್ಚಳ ತೆಗೆದುಕೊಂಡು ಅಡುಗೆಮನೆಯ ಬೆಳಕಿಂಡಿಯ ಹತ್ತಿರ ಬಂದೆ. ಫರಸಿ ಸರಿಸಿದಾಗ ಕೆಳಗೆ ಆಕೆಯ ಮುಖ ಕಂಡಿತು.

‘ಹೋಗಿ ಬಾ ದೊಡ್ಡವ್ವಾ’ ಎಂದೆ. ತಗಡು ಕವುಚಿದೆ.

ಸಂಜೆ ಮಣ್ಣು ಮಾಡಿ ಮರಳಿದಾಗ ನನ್ನ ಕೋಣೆಯೊಳಗೆ ಇನ್ನೂ ಮಳೆ ಬೀಳುತ್ತಿತ್ತು.