ಉಗುರು ಕಚ್ಚುವುದು ಯಾವಾಗ?

ನಾಪೋಕ್ಲು ಬಸ್ಸಿನಲ್ಲಿ ಮಗಳು ರಕ್ತ ಜಿನುಗುವಷ್ಟು ಉಗುರು ಕಚ್ಚಿಕೊಂಡಿದ್ದಳು. ಅವಳ ಕೈ ಎಳೆದು ಗದರಿದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನನ್ನನ್ನು ತಡೆದರು.

"ಬೈಬೇಡಮ್ಮ. ಮಗು ಯಾವಾಗ ಕಚ್ತದೆ ಅಂತ ಮೊದಲು ನೋಡು."

ಉಗುರಿಗೆ ಕಹಿ ಬೇವಿನೆಣ್ಣೆ ಹಚ್ಚಿ ಸೋತಿದ್ದ ನಾನು ಅಂದಿನಿಂದ ಗಮನಿಸತೊಡಗಿದೆ. ನನ್ನ ಮೊಬೈಲ್ ರಿಂಗಾದಾಗಲೆಲ್ಲ ಅವಳ ಬೆರಳು ಬಾಯಿಗೆ ಹೋಗುತ್ತಿತ್ತು. ಏಕೆಂದು ಕೇಳಿದೆ.

"ಅಜ್ಜ ತೀರಿಹೋದದ್ದು ಫೋನಲ್ಲೇ ಅಲ್ವಾ ಹೇಳಿದ್ದು? ಈಗ ಯಾರು ಹೋದ್ರೋ ಅಂತ ಹೆದರಿಕೆ ಆಗ್ತದೆ," ಎಂದಳು.

ಈಗ ಫೋನ್ ಬಂದರೆ ಅವಳೇ ಹೆಸರು ಓದಿ, ಎತ್ತಿ ಮಾತಾಡುತ್ತಾಳೆ. ಕಚ್ಚುವುದು ಪೂರ್ತಿ ನಿಂತಿಲ್ಲ. ಆದರೆ ಕಳೆದ ಭಾನುವಾರ, ಎಷ್ಟೋ ತಿಂಗಳ ನಂತರ, ಅವಳ ಕಿರುಬೆರಳಿನಲ್ಲಿ ಬೆಳೆದಿದ್ದ ಉಗುರನ್ನು ನೇಲ್‌ಕಟರ್‌ನಿಂದ ಕತ್ತರಿಸಿದೆ.